ಬಿಸಿನೀರಿನ ಹವಳ

ಇವತ್ತು ಸಂಜೆ ಅಬುಧಾಬಿಯ ಕಡಲಿಗೆ ಕಾಲಿಟ್ಟರೆ ನೀರು ಹಂಡೆಯಿಂದ ತೋಡಿದ ಹಾಗಿತ್ತು. ಆಗಸ್ಟ್ ಅಲ್ವಾ!

"ಇದರಲ್ಲಿ ಮೀನು ಬೇಯಲ್ವಾ ಅಪ್ಪಾ?" ಅಂದಳು ಮಗಳು.

ಮೀನಿರಲಿ, ಹವಳವೇ ಇದೆ ಇಲ್ಲಿ. ಬೇರೆ ಕಡೆ ಬೇಸಿಗೆಯ ಮಾಮೂಲಿ ಬಿಸಿಗಿಂತ 1 ಡಿಗ್ರಿ ಜಾಸ್ತಿಯಾಗಿ ಕೆಲವು ವಾರ ನಿಂತರೆ ಸಾಕು, ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಬಣ್ಣ ಕೊಡುವುದೂ ಆ ಪಾಚಿಯೇ, ಅನ್ನ ಹಾಕುವುದೂ ಅದೇ. ಇಲ್ಲಿಯ ಹವಳ 34-35 ಡಿಗ್ರಿಯಲ್ಲೂ ಬದುಕುತ್ತದೆ. ಅದರೊಳಗಿರುವುದು ಬಿಸಿ ತಾಳುವ ಬೇರೆಯೇ ಜಾತಿಯ ಪಾಚಿ. ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟಿದ್ದೇ 2015ರಲ್ಲಿ.

ಹಾಗಂತ ಗಟ್ಟಿ ಜೀವ ಅಂತ ಸುಮ್ನೆ ಬಿಡೋ ಹಾಗಿಲ್ಲ. 2017ರಲ್ಲಿ ಇವೂ ಬೆಳ್ಳಗಾದವು, ಮೂರರಲ್ಲಿ ಸುಮಾರು ಎರಡು ಪಾಲು ಸತ್ತೇ ಹೋದವು. ಆ ಬೇಸಿಗೆ ಕಡಲನ್ನು ತಣಿಸುವ ಶಮಾಲ್ ಗಾಳಿ ಸರಿಯಾಗಿ ಬೀಸಿರಲಿಲ್ಲವಂತೆ.