ಅವಸರವೇ ಇಲ್ಲದ ಹದಿನಾರು ಜನ: ಕೌಂಟ್ ಬೇಸಿಯವರ ‘ಅಟಾಮಿಕ್’ ರೆಕಾರ್ಡು

ಅಮೆರಿಕದ ಜಾಝ್ ಪಿಯಾನೋ ವಾದಕ, ಬ್ಯಾಂಡ್ ನಾಯಕ ಕೌಂಟ್ ಬೇಸಿಯವರ ‘ದಿ ಅಟಾಮಿಕ್ ಮಿಸ್ಟರ್ ಬೇಸಿ’ ಕೇಳುವ ಮನಸ್ಸಿದ್ದರೆ ಫೋನಿನ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ. ಹೆಡ್‌ಫೋನ್ ಹಾಕಿಕೊಳ್ಳಿ. ಈ ರೆಕಾರ್ಡಿನ ಜೀವ ಇರುವುದು ಫ್ರೆಡ್ಡಿ ಗ್ರೀನ್ ಅವರ ಗಿಟಾರಿನಲ್ಲಿ. ಫೋನಿನಲ್ಲಿ ಅದು ಕೇಳಿಸುವುದೇ ಇಲ್ಲ.

ಗ್ರೀನ್ ಬೇಸಿಯವರ ತಂಡಕ್ಕೆ ಬಂದದ್ದು 1937ರಲ್ಲಿ. ಆಂಪ್ಲಿಫೈಯರ್ ಇಲ್ಲದ ಮರದ ಗಿಟಾರ್. ಇಲ್ಲಿ ಅವರಿಗೆ ಸೋಲೋ ಇಲ್ಲ, ಮೆರೆದಾಟ ಇಲ್ಲ. ತಾಳದ ಒಂದು ಆವರ್ತಕ್ಕೆ ನಾಲ್ಕು ಹೊಡೆತ, ಅಷ್ಟೇ. ಮತ್ತೆ ನಾಲ್ಕು. ಮತ್ತೆ ನಾಲ್ಕು. ನಮ್ಮ ಕಛೇರಿಯಲ್ಲಿ ತಂಬೂರಿ ಇದ್ದ ಹಾಗೆ: ಇದ್ದಾಗ ಯಾರೂ ಗಮನಿಸುವುದಿಲ್ಲ, ನಿಂತರೆ ಎಲ್ಲವೂ ಬೋಳು. ಅವರ ಸುತ್ತ ನಾಲ್ಕು ಟ್ರಂಪೆಟ್, ಮೂರು ಟ್ರಾಂಬೋನ್, ಐದು ಸ್ಯಾಕ್ಸೋಫೋನ್, ಬಾಸ್‌ನಲ್ಲಿ ಎಡ್ಡಿ ಜೋನ್ಸ್, ಡ್ರಮ್ಸ್‌ನಲ್ಲಿ ಸನ್ನಿ ಪೇನ್. ಪಿಯಾನೋ ಮುಂದೆ ಬೇಸಿ. ಒಟ್ಟು ಹದಿನಾರು ಜನ.

ರೆಕಾರ್ಡಿಂಗ್ ನಡೆದದ್ದು ನ್ಯೂಯಾರ್ಕಿನಲ್ಲಿ, 1957ರ ಅಕ್ಟೋಬರ್‌ನಲ್ಲಿ. ಆಗ ಬೇಸಿಯವರಿಗೆ 53 ವರ್ಷ. ಹೊಸದಾಗಿ ಶುರುವಾಗಿದ್ದ ರೂಲೆಟ್ ಕಂಪನಿ ಅದನ್ನು 1958ರಲ್ಲಿ ಹೊರತಂದಿತು. ಹನ್ನೊಂದೂ ಟ್ರ್ಯಾಕ್‌ಗಳನ್ನು ಬರೆದವರು ಒಬ್ಬರೇ, ನೀಲ್ ಹೆಫ್ಟಿ.

ಮೊದಲ ಟ್ರ್ಯಾಕಿನ ಹೆಸರು ‘ದಿ ಕಿಡ್ ಫ್ರಮ್ ರೆಡ್ ಬ್ಯಾಂಕ್’. ರೆಡ್ ಬ್ಯಾಂಕಿನ ಹುಡುಗ ಅಂದರೆ ಬೇಸಿಯೇ. ಮೂರು ನಿಮಿಷವೂ ಇಲ್ಲ ಇದು, ಆದರೆ ಏನು ಓಟ! ಎಡಗೈ ಕೆಳಗಿನ ಸ್ವರಕ್ಕೂ ಮೇಲಿನ ಕಾರ್ಡಿಗೂ (ಒಟ್ಟಿಗೆ ಒತ್ತುವ ಸ್ವರಗಳ ಗುಂಪಿಗೂ) ನೆಗೆಯುತ್ತಾ ಹೋಗುವ, ನ್ಯೂಯಾರ್ಕಿನ ಹಾರ್ಲೆಮ್‌ನ ‘ಸ್ಟ್ರೈಡ್’ ಶೈಲಿಯಲ್ಲಿ ಬೇಸಿ ಬಾರಿಸುತ್ತಾರೆ. ಮಧ್ಯೆ ಮಧ್ಯೆ ಇಡೀ ಬ್ಯಾಂಡ್ ಒಂದೇ ಸಲ ಎರಗಿ, ಒಂದೇ ಸಲ ನಿಲ್ಲುತ್ತದೆ. ಆ ಶೈಲಿಯ ದೊಡ್ಡ ಹೆಸರು ಫ್ಯಾಟ್ಸ್ ವಾಲರ್ ಹತ್ತಿರ ಕುಳಿತು ಕಲಿತವರಲ್ವಾ, ಆ ಕೈ ಬೇಸಿಗೆ ಗೊತ್ತು. ಗೊತ್ತಿದ್ದೂ ಉಳಿದ ಟ್ರ್ಯಾಕ್‌ಗಳಲ್ಲಿ ಅದನ್ನು ಹೆಚ್ಚಾಗಿ ಮಡಚಿ ಇಟ್ಟುಕೊಳ್ಳುತ್ತಾರೆ. ನನಗೆ ಅವರ ಮೇಲೆ ಇಷ್ಟು ಗೌರವ ಇರುವುದು ಅದಕ್ಕೇ.

ರೆಡ್ ಬ್ಯಾಂಕ್ ನಾವಿರುವ ನ್ಯೂಜೆರ್ಸಿಯ ಎಡಿಸನ್‌ನಿಂದ ದೂರವೇನಲ್ಲ. ಪಾರ್ಕ್‌ವೇ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೋದರೆ ನೇವ್‌ಸಿಂಕ್ ನದಿಯ ದಡದಲ್ಲಿ ಸಿಗುವ ಚಿಕ್ಕ ಊರು. ಬೇಸಿ ಹುಟ್ಟಿದ್ದು ಅಲ್ಲಿ, 1904ರಲ್ಲಿ. ಅಪ್ಪ ಸಾಹುಕಾರರ ಕುದುರೆಗಾಡಿ ಓಡಿಸುತ್ತಿದ್ದರು. ಅಮ್ಮ ಬೇರೆಯವರ ಬಟ್ಟೆ ಒಗೆದುಕೊಡುತ್ತಿದ್ದರು. ಪಿಯಾನೋದ ಮೊದಲ ಪಾಠ ಅಮ್ಮನಿಂದಲೇ. ಹುಡುಗನಿಗೆ ಆಸೆ ಇದ್ದದ್ದು ಡ್ರಮ್ಸ್ ಮೇಲೆ. ಆದರೆ ಅದೇ ಸೀಮೆಯ ಸನ್ನಿ ಗ್ರೀರ್ ಎಂಬ ಹುಡುಗ ಇನ್ನೂ ಚೆನ್ನಾಗಿ ಬಾರಿಸುತ್ತಿದ್ದ. ಮುಂದೆ ಡ್ಯೂಕ್ ಎಲಿಂಗ್ಟನ್ ತಂಡದಲ್ಲಿ ವರ್ಷಾನುಗಟ್ಟಲೆ ಡ್ರಮ್ಸ್ ನುಡಿಸಿದ ಗ್ರೀರ್ ಇವರೇ. ಬೇಸಿ ಪಿಯಾನೋ ಕಡೆ ತಿರುಗಿದರು. ಈಗ ಮನ್‌ಮತ್ ಸ್ಟ್ರೀಟಿನಲ್ಲಿರುವ 1926ರ ಹಳೇ ಥಿಯೇಟರಿಗೆ ಅವರದೇ ಹೆಸರು. ಈ ರೆಕಾರ್ಡಿನ ಹಳೇ ಎಲ್‌ಪಿ ನನಗೆ ಸಿಕ್ಕಿದ್ದೂ ಅದೇ ಊರಿನ ಅಂಗಡಿಯೊಂದರಲ್ಲಿ. ಅಂಚು ಸವೆದಿದೆ, ಎರಡನೇ ಬದಿಯಲ್ಲಿ ಒಂದು ಕಡೆ ಚಟಪಟ ಸದ್ದು ಬರುತ್ತದೆ.

ಈ ರೆಕಾರ್ಡಿಗೆ ಮುಂಚಿನ ಕಥೆ ಗೊತ್ತಿದ್ದರೆ ಇದರ ಬೆಲೆ ಇನ್ನೂ ಜಾಸ್ತಿ ಗೊತ್ತಾಗುತ್ತದೆ. ಬೇಸಿ ಹೆಸರು ಮಾಡಿದ್ದು ಕಾನ್ಸಸ್ ಸಿಟಿಯಲ್ಲಿ. ಅಲ್ಲಿ ಬೆನ್ನಿ ಮೋಟನ್ ಬ್ಯಾಂಡಿನಲ್ಲಿದ್ದರು. 1935ರಲ್ಲಿ ಮೋಟನ್ ತೀರಿಕೊಂಡ ಮೇಲೆ ಸ್ವಂತ ತಂಡ ಕಟ್ಟಿದರು. ಆ ಕಾಲದ ಅವರ ಸಂಗೀತ ಹೆಚ್ಚಾಗಿ ಕಾಗದದ ಮೇಲೆ ಇರಲಿಲ್ಲ. ಯಾರೋ ಒಬ್ಬರು ಒಂದು ಚಿಕ್ಕ ಎಳೆ ಶುರು ಮಾಡುತ್ತಿದ್ದರು, ಉಳಿದವರು ಅದರ ಮೇಲೆ ಕಟ್ಟುತ್ತಾ ಹೋಗುತ್ತಿದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ದೊಡ್ಡ ಬ್ಯಾಂಡ್‌ಗಳಿಗೆ ಕೆಲಸ ಕಡಿಮೆಯಾಯಿತು. ಅಷ್ಟು ಜನಕ್ಕೆ ಸಂಬಳ ಕೊಟ್ಟು, ಬಸ್ಸಿನಲ್ಲಿ ಊರೂರು ಸುತ್ತಿಸುವುದು ಯಾರಿಂದಲೂ ಆಗದ ಮಾತಾಯಿತು. 1950ರ ಹೊತ್ತಿಗೆ ಬೇಸಿಯೂ ತಂಡ ಬಿಚ್ಚಿ, ಕೆಲವೇ ಜನರನ್ನು ಇಟ್ಟುಕೊಂಡರು. ಎರಡು ವರ್ಷ ಬಿಟ್ಟು ಮತ್ತೆ ಪೂರ್ತಿ ಬ್ಯಾಂಡ್ ಕಟ್ಟಿದರು. ಈ ಸಲ ಎಲ್ಲವೂ ಬರೆದ ಸಂಗೀತ. ಅಷ್ಟು ಕಷ್ಟದ ಕಾಲದಲ್ಲಿ ಮತ್ತೆ ದೊಡ್ಡ ತಂಡಕ್ಕೇ ಕೈ ಹಾಕಿದ ಆ ಧೈರ್ಯ ಸುಮ್ನೆ ಬರುವಂಥದ್ದಲ್ಲ.

ಹೆಫ್ಟಿ ಆ ಹೊಸ ತಂಡಕ್ಕೆ ಹೇಳಿ ಮಾಡಿಸಿದವರು. ಮೊದಲು ವುಡಿ ಹರ್ಮನ್ ಬ್ಯಾಂಡಿನಲ್ಲಿ ಟ್ರಂಪೆಟ್ ನುಡಿಸಿದವರು. ಟಿವಿಯ ‘ಬ್ಯಾಟ್‌ಮ್ಯಾನ್’ ಧಾರಾವಾಹಿಯ ರಾಗ ಗೊತ್ತಲ್ವಾ, ಅದೂ ಮುಂದೆ ಇವರು ಬರೆದದ್ದೇ. ಯಾರ ಕೈಯಲ್ಲಿ ಏನಿದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ‘ಡುಯೆಟ್’ನಲ್ಲಿ ಥ್ಯಾಡ್ ಜೋನ್ಸ್ ಮತ್ತು ಜೋ ನ್ಯೂಮನ್ ಟ್ರಂಪೆಟ್ಟಿಗೆ ಮ್ಯೂಟ್ (ಸದ್ದು ತಗ್ಗಿಸುವ ಮುಚ್ಚಳ) ಹಾಕಿಕೊಂಡು ಮಾತಿಗೆ ಮಾತು ಕೊಡುತ್ತಾರೆ. ‘ವರ್ಲಿ ಬರ್ಡ್’ನಲ್ಲಿ ಎಡ್ಡಿ ‘ಲಾಕ್‌ಜಾ’ ಡೇವಿಸ್ ಅವರ ಟೆನರ್ ಸ್ಯಾಕ್ಸ್ ಹಲ್ಲು ಕಚ್ಚಿ ನುಗ್ಗುತ್ತದೆ. ಅದೇ ಮನುಷ್ಯ ‘ಆಫ್ಟರ್ ಸಪ್ಪರ್’ನಲ್ಲಿ ಎಷ್ಟು ಮೆತ್ತಗೆ ನುಡಿಸುತ್ತಾರೆ ಕೇಳಿ. ‘ಟೆಡ್ಡಿ ದಿ ಟೋಡ್’ ನನಗೆ ಅಷ್ಟಾಗಿ ಹಿಡಿಸಿಲ್ಲ.

ಕೊನೆಯ ಟ್ರ್ಯಾಕ್ ‘ಲಿಲ್ ಡಾರ್ಲಿನ್’ ಬಗ್ಗೆ ಮಾತ್ರ ನಿಧಾನವಾಗಿ ಹೇಳಬೇಕು. ಹೆಫ್ಟಿ ಇದನ್ನು ಇದಕ್ಕಿಂತ ವೇಗವಾಗಿ ನುಡಿಸಲು ಬರೆದಿದ್ದರಂತೆ. ಬೇಸಿ ಅದರ ವೇಗವನ್ನು ಇಳಿಸಿದರು. ಸ್ವಲ್ಪ ಅಲ್ಲ, ತುಂಬಾ ಇಳಿಸಿದರು. ಈಗ ಹತ್ತಿರ ಹತ್ತಿರ ಐದು ನಿಮಿಷ, ಇಡೀ ರೆಕಾರ್ಡಿನಲ್ಲೇ ಉದ್ದದ್ದು. ಇಷ್ಟು ನಿಧಾನದಲ್ಲಿ ಹನ್ನೆರಡು ಊದುವವರು ಒಟ್ಟಿಗೆ ಇರುವುದು ಎಷ್ಟು ಕಷ್ಟ ಅಂತ ನನಗೆ ಅರ್ಥವಾದದ್ದು ಮಗಳಿಂದ.

ಅವಳು ಶಾಲೆಯ ಜಾಝ್ ಬ್ಯಾಂಡಿನಲ್ಲಿ ಟ್ರಾಂಬೋನ್ ನುಡಿಸುತ್ತಾಳೆ. ಅಮೆರಿಕದ ಎಷ್ಟೋ ಶಾಲೆಗಳಲ್ಲಿ ಮಕ್ಕಳಿಗೆ ಇವತ್ತಿಗೂ ಹೆಫ್ಟಿ ಬರೆದ ಈ ಸಂಗೀತದ ಪುಟಗಳನ್ನು ಕೊಡುತ್ತಾರೆ. ಮನೆಯಲ್ಲಿ ‘ಲಿಲ್ ಡಾರ್ಲಿನ್’ ಅಭ್ಯಾಸ ಮಾಡುವಾಗ ಅವಳು ಒಂದು ದಿನ ಟ್ರಾಂಬೋನ್ ಕೆಳಗಿಟ್ಟು, ‘ಅಪ್ಪ, ಫಾಸ್ಟ್ ಇರೋದೇ ಸುಲಭ. ಇದಕ್ಕೆ ಉಸಿರೇ ಸಾಲಲ್ಲ’ ಅಂದಳು. ಎಲ್‌ಪಿ ಹಾಕಿ ಇಬ್ಬರೂ ಕುಳಿತು ಕೇಳಿದೆವು. ಬೇಸಿಯ ತಂಡ ಪ್ರತಿ ಸ್ವರವನ್ನೂ ತಾಳದ ಹೊಡೆತಕ್ಕಿಂತ ಒಂದು ಕೂದಲೆಳೆ ತಡವಾಗಿ ಇಡುತ್ತದೆ. ತಾಳ ತಪ್ಪುವುದಿಲ್ಲ, ಹಿಂದಕ್ಕೆ ಒರಗುತ್ತದೆ. ಹಾಗೆ ಒರಗಲು ಧೈರ್ಯ ಬರುವುದು ಗ್ರೀನ್ ಅವರ ಗಿಟಾರ್ ಅಲುಗಾಡದೆ ನಿಂತಿರುವುದರಿಂದ. ಮಗಳು ಇದನ್ನು ನನಗಿಂತ ಮೊದಲು ಹಿಡಿದಳು. ‘ಗಿಟಾರ್ ಕೇಳ್ಕೊಂಡು ನುಡಿಸಬೇಕು, ಪಕ್ಕದವರನ್ನ ಅಲ್ಲ’ ಅಂದಳು. ವೆಂಡೆಲ್ ಕಲ್ಲಿಯವರ ಮ್ಯೂಟ್ ಹಾಕಿದ ಟ್ರಂಪೆಟ್ ಸೋಲೋ ಬಂದಾಗ ಇಬ್ಬರೂ ಮಾತು ನಿಲ್ಲಿಸಿದೆವು. ಅದರಲ್ಲಿ ಕಷ್ಟದ ಓಟ ಒಂದೂ ಇಲ್ಲ. ರಾಗವನ್ನು ಪ್ರೀತಿಯಿಂದ ಹೇಳುತ್ತಾರೆ, ಅಷ್ಟೇ. ಬೇಸಿ ಅಲ್ಲಲ್ಲಿ ಎರಡೋ ಮೂರೋ ಸ್ವರ ಹಾಕಿ ಕೈ ತೆಗೆಯುತ್ತಾರೆ. ಆ ಎರಡು ಸ್ವರ ಬೇರೆ ಎಲ್ಲೇ ಬಿದ್ದಿದ್ದರೂ ಇಷ್ಟು ಚೆನ್ನಾಗಿರುತ್ತಿರಲಿಲ್ಲ.

ನನ್ನನ್ನು ಕಾಡುವುದು ಈ ರೆಕಾರ್ಡಿನ ಹೊದಿಕೆ. ಅಣುಬಾಂಬ್ ಸಿಡಿದಾಗ ಏಳುವ ಅಣಬೆಯಾಕಾರದ ಮೋಡದ ಚಿತ್ರ, ಉರಿಯುವ ಬಣ್ಣದಲ್ಲಿ. ಐನ್‌ಸ್ಟೈನ್ ಸಮೀಕರಣ ಬೇರೆ. ಆಗ ಅಮೆರಿಕದಲ್ಲಿ ‘ಅಟಾಮಿಕ್’ ಅನ್ನುವುದು ಶಕ್ತಿಯ, ಹೊಸತನದ ಗುರುತಾಗಿತ್ತು ಅನ್ನುವುದು ನಿಜ. ಆದರೆ ಹಿರೋಷಿಮಾ ಆಗಿ ಹನ್ನೆರಡೇ ವರ್ಷ. ಅಷ್ಟು ಜನ ಸತ್ತ ಚಿತ್ರವನ್ನು ಇಷ್ಟು ಮನುಷ್ಯಪ್ರೀತಿಯ ಸಂಗೀತಕ್ಕೆ ಹೊದಿಸಿದ್ದು ನನಗೆ ಒಪ್ಪಿಗೆಯಿಲ್ಲ. ಮನೆಯಲ್ಲಿ ಅದನ್ನು ಹಿಂಬದಿ ಕಾಣುವ ಹಾಗೆ ಇಡುತ್ತೇನೆ.

1959ರಲ್ಲಿ ಮೊಟ್ಟಮೊದಲ ಗ್ರ್ಯಾಮಿ ಪ್ರಶಸ್ತಿ ಕೊಟ್ಟಾಗ ಇದಕ್ಕೆ ಎರಡು ಬಂದವು. ಒಂದು ಜಾಝ್‌ಗೆ, ಇನ್ನೊಂದು ಡಾನ್ಸ್ ಬ್ಯಾಂಡಿಗೆ. ಎರಡನೆಯದು ಕಿರಿದು ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಜನ ಎದ್ದು ಕುಣಿಯುವಂತೆ ನುಡಿಸುವುದು ಬೇಸಿಗೆ ದೊಡ್ಡ ಕೆಲಸವೇ ಆಗಿತ್ತು.

ಹೊಸಬರು ‘ಸ್ಪ್ಲ್ಯಾಂಕಿ’ಯಿಂದ ಶುರು ಮಾಡಿ. ಸರಳವಾದ ಬ್ಲೂಸ್, ಕಾಲು ತಾನಾಗಿ ತಾಳ ಹಾಕುತ್ತದೆ. ಆಮೇಲೆ ಮೊದಲಿನಿಂದ ಕೊನೆಯವರೆಗೆ ಒಂದೇ ಸಲ ಕೇಳಿ. ಈಚಿನ ಸಿಡಿಗಳಲ್ಲಿ ಹನ್ನೊಂದರ ಆಚೆಗೂ ಕೆಲವು ಟ್ರ್ಯಾಕ್ ಸೇರಿಸಿದ್ದಾರೆ. ಅವನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. ಇಷ್ಟವಾದರೆ ಇದೇ ತಂಡ 1955ರಲ್ಲಿ ನುಡಿಸಿದ ‘ಏಪ್ರಿಲ್ ಇನ್ ಪ್ಯಾರಿಸ್’ಗೆ ಹೋಗಿ. ಅದು ಮುಗಿಯಿತು ಅಂದುಕೊಂಡಾಗ ಬೇಸಿ ‘ಒನ್ ಮೋರ್ ಟೈಮ್’ ಅನ್ನುತ್ತಾರೆ, ಬ್ಯಾಂಡ್ ಮತ್ತೆ ಎದ್ದು ನುಡಿಸುತ್ತದೆ. ಆಮೇಲೆ ಇನ್ನೊಂದು ಸಲವೂ ಕೇಳುತ್ತಾರೆ. ನಮ್ಮ ಮನೆಯಲ್ಲಿ ಆ ಸಾಲನ್ನು ಅವರ ಜೊತೆ ನಾವೂ ಕೂಗುತ್ತೇವೆ.