ಒಂದೇ ಹಾಳೆಯ ಎರಡು ಕೊಕ್ಕರೆ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹತ್ತಿರವಿದ್ದ ನಮ್ಮ ಹಳೆಯ ಮನೆಯಲ್ಲಿ ಮಧ್ಯಾಹ್ನವೆಂದರೆ ಪೊಟ್ಟಣ ಅಂಟಿಸುವ ಹೊತ್ತು. ಅವ್ವ ಹಳೆಯ ಪತ್ರಿಕೆಯ ಹಾಳೆ ಮಡಚಿ, ಹೆಬ್ಬೆರಳಿನ ಉಗುರಿನಿಂದ ಗೆರೆ ತೀಡಿ ನನ್ನ ಕಡೆ ಸರಿಸುತ್ತಿದ್ದಳು. ಮೈದಾ ಅಂಟು ಸವರುವುದು ನನ್ನ ಪಾಲಿನ ಕೆಲಸ. ಅಂಚಿಗೆ ಅಂಚು ಕೂಡದಿದ್ದರೆ "ಬಿಚ್ಚು, ಮತ್ತೆ ಮಡಚು" ಎನ್ನುವಳು. ಬುಡ ಸೊಟ್ಟಗಾದ ಪೊಟ್ಟಣದಲ್ಲಿ ಮಂಡಕ್ಕಿ ನಿಂತೀತು, ಸಕ್ಕರೆ ನಿಲ್ಲುವುದಿಲ್ಲ.

ಒರಿಗಾಮಿ ಕಲಿಯಲು ಕುಳಿತಾಗ ಮೊದಲು ನೆನಪಾದದ್ದು ಆ ಉಗುರು. ಜಪಾನಿನಲ್ಲಿ 'ಒರಿ' ಎಂದರೆ ಮಡಿಕೆ, 'ಕಾಮಿ' ಎಂದರೆ ಕಾಗದ. ಮದುವೆಯಲ್ಲಿ 'ಸಾಕೆ' ಎಂಬ ಅಕ್ಕಿ ಮದ್ಯದ ಪಾತ್ರೆಗಳಿಗೆ ಗಂಡು ಚಿಟ್ಟೆ, ಹೆಣ್ಣು ಚಿಟ್ಟೆ ಮಡಚಿ ಕಟ್ಟುವ ರೂಢಿ ಅಲ್ಲಿ ಹಳೆಯದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ 1797ರಲ್ಲಿ ಕ್ಯೋಟೋದಲ್ಲಿ ಅಚ್ಚಾದ 'ಹಿದೆನ್ ಸೆನ್‌ಬಜುರು ಒರಿಕಾತಾ' ಎಂಬ ಪುಸ್ತಕ. ಒಂದೇ ಹಾಳೆಯನ್ನು ಅಲ್ಲಲ್ಲಿ ಸೀಳಿ, ಒಂದಕ್ಕೊಂದು ಅಂಟಿಕೊಂಡಂತೆಯೇ ಕೊಕ್ಕರೆಗಳನ್ನು ಮಡಚುವ 49 ಬಗೆಗಳು ಅದರಲ್ಲಿವೆ. ಅಂಟಿಲ್ಲ, ದಾರವಿಲ್ಲ.

ಜೋಡಿ ಕೊಕ್ಕರೆಯಿಂದ ಶುರು ಮಾಡಿದೆ. ಅಗಲದ ಎರಡರಷ್ಟು ಉದ್ದದ ಹಾಳೆ. ನಡುವೆ ಕತ್ತರಿಸುತ್ತಾ ಬಂದು ತುದಿಯಲ್ಲಿ ಜೋಳದ ಕಾಳಿನಷ್ಟು ಬಿಡಬೇಕು. ಆ ಕಾಳಿನಷ್ಟು ಕಾಗದವೇ ಎರಡೂ ಹಕ್ಕಿಗಳ ರೆಕ್ಕೆಯ ತುದಿ. ಜೆರಾಕ್ಸ್ ಹಾಳೆಯಲ್ಲಿ ಮೊದಲನೆಯದು ಸಲೀಸಾಗಿ ಬರುತ್ತದೆ; ಎರಡನೆಯದರ ಕತ್ತನ್ನು ಒಳಕ್ಕೆ ತಿರುವುವಾಗ ಮೊದಲನೆಯದರ ಭಾರ ಜಗ್ಗಿ ಆ ಕಾಳಿನಷ್ಟು ಕಾಗದ ಹರಿಯುತ್ತದೆ. ಹನ್ನೊಂದು ಹಾಳೆ ಹೋದವು. ತಪ್ಪು ಕೈಯದಷ್ಟೇ ಅಲ್ಲ, ಕಾಗದದ್ದೂ ಹೌದು. ಅಲ್ಲಿನ ವಾಶಿ ಕಾಗದವನ್ನು ಹೆಚ್ಚಾಗಿ ಮಾಡುವುದು ಕೊಝೋ ಗಿಡದ ಒಳತೊಗಟೆಯಿಂದ. ನಮ್ಮ ರೇಷ್ಮೆ ಹುಳು ತಿನ್ನುವ ಹಿಪ್ಪುನೇರಳೆಯ ಕುಟುಂಬದ ಗಿಡ ಅದು. ನಾರು ಉದ್ದವಾದ್ದರಿಂದ ಎಳೆದರೂ ಬಿಡುವುದಿಲ್ಲ.

ಹಿರೋಶಿಮಾದ ಸದಾಕೊ ಸಸಾಕಿಗೆ ಅಂಥ ಕಾಗದ ಸಿಗಲಿಲ್ಲ. ಬಾಂಬ್ ಬಿದ್ದಾಗ ಎರಡು ವರ್ಷದ ಮಗು. 1955ರಲ್ಲಿ ರಕ್ತದ ಕ್ಯಾನ್ಸರಿನಿಂದ ಆಸ್ಪತ್ರೆ ಸೇರಿದಾಗ ಔಷಧಿ ಸುತ್ತಿದ ಕಾಗದವನ್ನೂ ಬಿಡದೆ ಕೊಕ್ಕರೆ ಮಡಚಿದಳು. ಸಾವಿರ ಕೊಕ್ಕರೆ ಮಡಚಿದರೆ ಬೇಡಿದ್ದು ಕೈಗೂಡುತ್ತದೆಂಬ ನಂಬಿಕೆ ಅಲ್ಲಿಯದು. ಸಾವಿರ ತುಂಬುವ ಮೊದಲೇ ತೀರಿಕೊಂಡಳೆಂಬ ಕತೆಯೇ ಹೆಚ್ಚು ಹರಡಿದೆ. ಅವಳ ಅಣ್ಣ ಹೇಳಿರುವುದು ಬೇರೆ: ಅವಳು ಸಾವಿರ ದಾಟಿದ್ದಳು. ನಾನು ಅಣ್ಣನ ಮಾತನ್ನೇ ನಂಬುತ್ತೇನೆ. ಔಷಧಿಯ ಪೊಟ್ಟಣ ಬಿಚ್ಚಿ, ಅದರ ಸುಕ್ಕು ತೀಡುತ್ತಿದ್ದ ಹನ್ನೆರಡರ ಹುಡುಗಿಯ ಬೆರಳುಗಳು ನನ್ನ ಕಣ್ಣ ಮುಂದಿನಿಂದ ಹೋಗುವುದೇ ಇಲ್ಲ.

ಮೊನ್ನೆ ಬೆಂಗಳೂರಿನಿಂದ ಕೊಝೋ ಕಾಗದ ತರಿಸಿದೆ. ಜೋಡಿ ಹರಿಯದೆ ನಿಂತಿತು. ಅವ್ವನ ಅಂಗೈಯಲ್ಲಿಟ್ಟೆ. ಈಗ ಅವಳಿಗೆ ಕಣ್ಣು ಮಂದ. ಹೆಬ್ಬೆರಳಿನಿಂದ ಬೆನ್ನು, ರೆಕ್ಕೆ, ಕತ್ತು ಸವರುತ್ತಾ ಬಂದವಳು ಎರಡನೆಯ ಹಕ್ಕಿಯ ಬಾಲದಲ್ಲಿ ನಿಂತಳು.

"ಇಲ್ಲಿ ಅಂಚು ಕೂಡಿಲ್ಲ. ಬಿಚ್ಚು."

ಬಿಚ್ಚಿದೆ. ಜೋಳದ ಕಾಳಿನಷ್ಟು ಕಾಗದ ಹಾಗೆಯೇ ಹಿಡಿದುಕೊಂಡಿತ್ತು.