ಅರ್ಧ ಇಂಚು

"ನಿಮ್ಮ ಬಲ ಹೆಗಲು ಇಳಿದಿದೆ ಅಪ್ಪ" ಎಂದು ನಾನು ಹೇಳಬಾರದಿತ್ತು. ಅಳತೆ ಟೇಪು ಹಿಡಿದು ಬೆನ್ನ ಹಿಂದೆ ನಿಂತಿದ್ದೆ, ಕಂಡದ್ದು ಬಾಯಿಗೆ ಬಂತು. ಅಪ್ಪ ತಿರುಗಲಿಲ್ಲ. "ಹೌದಾ? ಯಾವಾಗಿಂದ?" ಎಂದು ಕೇಳಿದರು. ಆಮೇಲೆ ಚಾವಡಿಯ ಕನ್ನಡಿಯ ಮುಂದೆ ಹೋಗಿ ನಿಂತರು. ಅವರು ಕನ್ನಡಿ ನೋಡುವುದು ಗಡ್ಡ ತೆಗೆಯುವಾಗ ಮಾತ್ರ. ಅವತ್ತು ಅಂಗಿಯ ಗುಬ್ಬಿ ಬಿಚ್ಚಿ ಎರಡೂ ಹೆಗಲನ್ನು ಬಹಳ ಹೊತ್ತು ನೋಡಿದರು.

ಬದರಿಗೆ ಹೋಗಬೇಕೆಂಬುದು ಅಪ್ಪನ ಹಳೆಯ ಆಸೆ. ಊರಿನ ಎಂಟು ಮಂದಿ ಸೇರಿ ಅಕ್ಟೋಬರಿಗೆ ಟಿಕೇಟು ಮಾಡಿಸಿದರು, ಕಾಸರಗೋಡಿನಿಂದ ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲಿ ದೆಹಲಿ, ಅಲ್ಲಿಂದ ಮೇಲೆ ಬಸ್ಸು. ಬದರಿ ಸುಮಾರು 3,100 ಮೀಟರ್ ಎತ್ತರದಲ್ಲಿದೆ, ಅಕ್ಟೋಬರಿನ ರಾತ್ರಿ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ನಮ್ಮ ಬದಿಯಡ್ಕದ ಕಡೆ ಧನುರ್ಮಾಸದ ಬೆಳಗಿಗೂ ಒಂದು ಶಾಲು ಹೆಚ್ಚು. ಬೆಂಗಳೂರಿನ ತಮ್ಮ "ಜಾಕೆಟ್ ಆರ್ಡರ್ ಮಾಡಿದ್ದೇನೆ, ನಾಡಿದ್ದು ಬರ್ತದೆ" ಎಂದ. ಒಳ್ಳೆಯ ಹುಡುಗ, ದುಡ್ಡಿಗೆ ಹಿಂದೆ ಮುಂದೆ ನೋಡುವವನಲ್ಲ. ಆದರೆ ದುಡ್ಡು ಕೊಟ್ಟಲ್ಲಿಗೆ ಕೆಲಸ ಮುಗಿಯಿತು ಎಂದು ತಿಳಿದವನು. ಬಂದ ಜಾಕೆಟಿನ ಕಾಲರು ಅಪ್ಪನ ಕುತ್ತಿಗೆಯ ಒಂದು ಬದಿಗೆ ಜಾರುತ್ತಿತ್ತು, ಬಲಗಡೆಯ ಅಂಚು ಕೆಳಗೆ ಜೋಲುತ್ತಿತ್ತು, ಬೆನ್ನಿನ ಕಡೆ ಸೊಂಟದ ಮೇಲೆ ಬಂದು ನಿಂತಿತ್ತು. "ಸಾಕು, ಸರಿ ಉಂಟು" ಎಂದರು ಅಪ್ಪ. ಸರಿ ಇರಲಿಲ್ಲ. ಹಾಗಾಗಿ ಸ್ವೆಟರ್ ಹೆಣೆಯಲು ನಾನು ಕಡ್ಡಿ ಕೈಗೆತ್ತಿಕೊಂಡೆ. ಹೊರಡಲು 24 ದಿನ ಉಳಿದಿತ್ತು, ನನಗೆ ಶಾಲೆಯೂ ಇತ್ತು.

ಇಂಟರ್ನೆಟ್ಟಿನಲ್ಲಿ ಸಿಕ್ಕಿದ ಮಾದರಿ ಸರಳವಾದದ್ದು: ಬೆನ್ನು, ಎದೆ, ಎರಡು ತೋಳು ಬೇರೆ ಬೇರೆ ಹೆಣೆದು ಕೊನೆಗೆ ಕೂಡಿಸುವುದು. 4 ಮಿಲಿಮೀಟರಿನ ಕಡ್ಡಿಯಲ್ಲಿ 10 ಸೆಂಟಿಮೀಟರಿಗೆ 22 ಕುಣಿಕೆ, 30 ಸಾಲು ಎಂದು ಬರೆದಿತ್ತು. ನಾನು ಮೊದಲು ಒಂದು ಅಂಗೈ ಅಗಲದ ತುಂಡು ಹೆಣೆದೆ. ಅದನ್ನು ತೊಳೆದು ಒಣಗಿಸಿಯೇ ಅಳೆಯಬೇಕು, ಉಣ್ಣೆ ನೀರು ಕಂಡ ಮೇಲೆ ತನ್ನ ನಿಜವಾದ ಅಗಲಕ್ಕೆ ಬರುತ್ತದೆ. ಹೊರಗೆ ಬಿಟ್ಟು ಬಿಟ್ಟು ಮಳೆ. ಆ ಅಂಗೈಯಗಲದ ತುಂಡು ಒಣಗಲು ಎರಡು ದಿನ ಹಿಡಿಯಿತು. ನನ್ನ ಕೈಗೆ ಬಂದದ್ದು 20 ಕುಣಿಕೆ, 28 ಸಾಲು. ಅಪ್ಪನ ಎದೆಗೆ ಸಡಿಲವೂ ಸೇರಿ 110 ಸೆಂಟಿಮೀಟರ್ ಬೇಕು, ಅಂದರೆ ಬೆನ್ನಿನ ತುಂಡಿಗೆ 55. ಮಾದರಿಯಲ್ಲಿ ಹೇಳಿದ ಹಾಗೆ 121 ಕುಣಿಕೆ ಎತ್ತಿಕೊಂಡಿದ್ದರೆ ಒಟ್ಟು ಸುತ್ತಳತೆ 121 ಸೆಂಟಿಮೀಟರ್ ಆಗಿ ಚೀಲದ ಹಾಗೆ ಬೀಳುತ್ತಿತ್ತು. 110 ಕುಣಿಕೆ ಎತ್ತಿಕೊಂಡೆ. ಇಷ್ಟು ಬರೀ ಭಾಗಾಕಾರ, ಯಾರೂ ಮಾಡಬಹುದು.

ಹೆಗಲಿಗೆ ಭಾಗಾಕಾರ ಸಾಲಲಿಲ್ಲ. ಮಾದರಿ ಬರೆದವರು ಮನುಷ್ಯನ ಎರಡು ಬದಿ ಒಂದೇ ಎಂದು ನಂಬಿ ಬರೆದಿದ್ದಾರೆ. ಎಷ್ಟು ಇಳಿಸಬೇಕು ಎಂದು ನೋಡಲು ಅಪ್ಪನಿಗೆ ಸರಿಯಾಗಿ ಕೂರುವ ಒಂದು ಹಳೆಯ ಅಂಗಿಯನ್ನು ಮೇಜಿನ ಮೇಲೆ ಹರಡಿದೆ. ಬೆನ್ನು ಮಧ್ಯಕ್ಕೆ ಮಡಚಿ ಹೆಗಲಿಗೆ ಹೆಗಲು ಸೇರಿಸಿದರೆ ಸೇರುವುದೇ ಇಲ್ಲ. ಬಲಗಡೆಯದು ಅರ್ಧ ಇಂಚು ಕೆಳಗಿದೆ. ಬೆನ್ನಿನ ಉದ್ದ ಎದೆಯ ಉದ್ದಕ್ಕಿಂತ ಒಂದು ಇಂಚು ಹೆಚ್ಚು. ಇನ್ನೊಂದು ಅಂಗಿ ತೆಗೆದೆ, ಅದೂ ಹಾಗೆಯೇ. ಅಟ್ಟದ ಪೆಟ್ಟಿಗೆಯಲ್ಲಿದ್ದ, ನನ್ನ ಮದುವೆಯಲ್ಲಿ ತೊಟ್ಟ ಅಂಗಿಯನ್ನೂ ಇಳಿಸಿ ನೋಡಿದೆ. ಅದರಲ್ಲಿ ಕಾಲು ಇಂಚು.

ಮಾರನೇ ದಿನ ಶಾಲೆ ಬಿಟ್ಟವಳು ನೇರ ಪೇಟೆಗೆ, ಟೈಲರ್ ಮಾಮನ ಅಂಗಡಿಗೆ ಹೋದೆ. ಅವರ ಮನೆಮಾತು ಮಲಯಾಳ, ಓದಿದ್ದು ಕನ್ನಡ ಶಾಲೆಯಲ್ಲಿ. ಅಳತೆ ಪುಸ್ತಕ ಇವತ್ತಿಗೂ ಕನ್ನಡದಲ್ಲೇ. ಅಪ್ಪನ ಹೆಸರಿನ ಪುಟ ತೆಗೆದು ತೋರಿಸಿದರು. ಎದೆ, ಉದ್ದ, ತೋಳು, ಕಾಲರು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ "ಬಲ ½ ಕೆಳಗೆ".

"ಹೆಗಲು ಮಾತ್ರ ಇಳಿಸಿದ್ರೆ ಆಗುದಿಲ್ಲ ಟೀಚರೇ. ಅಷ್ಟೇ ಕಂಕುಳನ್ನೂ ಇಳಿಸ್ಬೇಕು. ಇಲ್ಲದಿದ್ರೆ ಕೈ ಎತ್ತುವಾಗ ಹಿಡೀತದೆ."

"ಅಪ್ಪನಿಗೆ ಇದು ಗೊತ್ತುಂಟಾ?"

"ಯಾಕೆ ಹೇಳುದು? ಅಂಗಿ ಸರಿ ಕೂತ್ರೆ ಆಯ್ತಲ್ಲ."

ಹೇಳಿ ಮತ್ತೆ ಮಿಷನ್ ತುಳಿಯತೊಡಗಿದರು. ನಾನು ಹೇಳಿಯಾಗಿದೆ ಎಂದು ಅವರಿಗೆ ತಿಳಿಸಲು ನನ್ನಿಂದ ಆಗಲಿಲ್ಲ.

ಅವತ್ತಿನಿಂದ ಈ ಎರಡು ಮಾತು ಒಂದರ ಹಿಂದೆ ಒಂದು ತಲೆಯಲ್ಲಿ ಓಡುತ್ತಿವೆ. "ಯಾವಾಗಿಂದ?" "ಯಾಕೆ ಹೇಳುದು?" ಯಾವಾಗಿಂದ ಎಂಬುದಕ್ಕೆ ಉತ್ತರ ತೋಟದಲ್ಲಿದೆ. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವಾಗ ಮರದ ಮೇಲೆ ಒಬ್ಬ, ಕೆಳಗೆ ಪಂಪಿನ ಹತ್ತಿರ ಅಪ್ಪ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಡ್ರಮ್ಮು ಖಾಲಿಯಾಗುವವರೆಗೂ ಕೈಪಂಪಿನ ಹಿಡಿ ಬಲಗೈಯಲ್ಲಿ ಹಿಂದೆ ಮುಂದೆ. ಕೊಯ್ಲಿನ ಸಮಯದಲ್ಲಿ ಗೊನೆ ಹೊರುವುದೂ ಅದೇ ಹೆಗಲಲ್ಲಿ. ಕೊಳೆರೋಗ ಬಂದ ವರ್ಷ ಅವರಿಗೆ ನಿದ್ದೆ ಇಲ್ಲ ಎಂಬುದು ನನಗೆ ನೆನಪಿದೆ. ಹೆಗಲು ಮಾತ್ರ ಕಂಡಿರಲಿಲ್ಲ. ಮಗಳಾದ ನಾನು ಕಾಣದ್ದನ್ನು, ವರ್ಷಕ್ಕೆ ಎರಡು ಅಂಗಿ ಹೊಲಿಯುವವರು ಕಂಡಿದ್ದರು. ಕಂಡು ಬಟ್ಟೆಯೊಳಗೆ ಅಡಗಿಸಿಟ್ಟಿದ್ದರು.

ನನ್ನದು ಕೆಂಪು ಶಾಯಿಯ ಉದ್ಯೋಗ. ತಪ್ಪು ಕಂಡರೆ ಅಡಿಗೆರೆ ಹಾಕುವುದು ಅಭ್ಯಾಸವಾಗಿ ಹೋಗಿದೆ, ಅದನ್ನು ಅಕ್ಕರೆ ಎಂದೇ ತಿಳಿದಿದ್ದೆ. ಈ ವರ್ಷ ಎಂಟನೇ ತರಗತಿಯ ಒಬ್ಬ ಹುಡುಗನಿಗೆ ಎಲ್ಲರ ಎದುರು ಹೇಳಿದ್ದೆ, "ನಿನ್ನ ಬಾಯಲ್ಲಿ ಳಕಾರ ಲಕಾರ ಆಗ್ತದೆ, ನೋಡು" ಎಂದು. ಕೆಟ್ಟ ಮನಸ್ಸಿನಿಂದ ಅಲ್ಲ. ಆಮೇಲೆ ಅವನು ಓದಲು ಕೈ ಎತ್ತಿಲ್ಲ. ಟೈಲರ್ ಮಾಮನ ಅಂಗಡಿಯಿಂದ ಬಸ್ ಸ್ಟ್ಯಾಂಡಿಗೆ ನಡೆಯುವಾಗ ಆ ಹುಡುಗನ ಮುಖ ನೆನಪಿಗೆ ಬಂತು. ಳಕಾರ ಕಲಿಸಲೇಬೇಕು, ಅದು ನನ್ನ ಕೆಲಸ. ಅವನಿಗೆ ಗೊತ್ತಾಗದ ಹಾಗೆ, ನಾಲ್ಕು ಪದ್ಯ ಜೊತೆಗೆ ಹೇಳಿಸಿ ಕಲಿಸಬಹುದಿತ್ತಲ್ಲ ಎಂದು ಅವತ್ತು ಹೊಳೆಯಿತು. ಬದಲು ತೋರಿಸಿದೆ. ತೋರಿಸುವುದು ಬೇಗ ಆಗುತ್ತದೆ.

ಸ್ವೆಟರಿನ ಬೆನ್ನು ಚೆನ್ನಾಗಿ ಬಂತು. ಅಪ್ಪನ ಬೆನ್ನು ಬಾಗಿದ ಜಾಗಕ್ಕೆ, ಎರಡು ರೆಕ್ಕೆಮೂಳೆಗಳ ನಡುವೆ, ಗಿಡ್ಡ ಸಾಲು ಹಾಕಿದೆ. ಸಾಲನ್ನು ಕೊನೆಯವರೆಗೆ ಹೆಣೆಯದೆ ಅರ್ಧದಲ್ಲೇ ತಿರುಗಿದರೆ ನಡುವೆ ಮಾತ್ರ ಬಟ್ಟೆ ಬೆಳೆಯುತ್ತದೆ, ಬದಿಗಳು ಹಾಗೆಯೇ ಉಳಿಯುತ್ತವೆ. ಒಂದು ಇಂಚಿಗೆ ನನ್ನ ಲೆಕ್ಕದಲ್ಲಿ ಏಳು ಸಾಲು, ಹೋಗಿ ಬರುವುದು ಜೋಡಿಯಾದ್ದರಿಂದ ಎಂಟು. ತಿರುಗಿದಲ್ಲಿ ತೂತು ಬೀಳದಂತೆ ಪಕ್ಕದ ಕುಣಿಕೆಗೆ ನೂಲು ಸುತ್ತಿ ಬರಬೇಕು. ಬಲಗಡೆಯ ಕಂಕುಳನ್ನು ನಾಲ್ಕು ಸಾಲು ಮೊದಲೇ ಶುರು ಮಾಡಿದೆ, ಹೆಗಲನ್ನೂ ನಾಲ್ಕು ಸಾಲು ಮೊದಲೇ ಮುಗಿಸಿದೆ. ಹಾಗೆ ಮಾಡಿದರೆ ಕಂಕುಳ ಸುತ್ತಳತೆ ಎರಡೂ ಕಡೆ ಒಂದೇ, ತೋಳುಗಳನ್ನು ಮುಟ್ಟಬೇಕಾಗಿಯೇ ಇಲ್ಲ. ಟೈಲರ್ ಮಾಮ ಹೇಳಿದ್ದರ ಬೆಲೆ ಆಗ ಗೊತ್ತಾಯಿತು.

ಎಡವಿದ್ದು ಎದೆಯ ತುಂಡಿನಲ್ಲಿ. ಬೆನ್ನನ್ನು ನೋಡುವಾಗ ಅವರ ಬಲ ನನಗೂ ಬಲ. ಎದುರಿನಿಂದ ನೋಡುವಾಗ ಅವರ ಬಲ ನನ್ನ ಎಡಕ್ಕೆ ಬರುತ್ತದೆ. ಬುಧವಾರ ರಾತ್ರಿ ಎರಡೂ ತುಂಡು ಕೂಡಿಸಲು ಹಿಡಿದಾಗ ಬೆನ್ನಿನ ಬಲ ಇಳಿದಿದೆ, ಎದೆಯ ಎಡ ಇಳಿದಿದೆ. ಕಂಕುಳದವರೆಗೂ ಬಿಚ್ಚಬೇಕಾಯಿತು, 60ಕ್ಕೂ ಹೆಚ್ಚು ಸಾಲು. ಬಿಚ್ಚಿದ ನೂಲು ಸುರುಳಿ ಸುರುಳಿಯಾಗಿ ಮಡಿಲು ತುಂಬಿತು. ಅಮ್ಮ ಲೈಟು ಕಂಡು ಎದ್ದು ಬಂದು, ಏನೂ ಕೇಳದೆ, ನೂಲನ್ನು ಉಂಡೆ ಸುತ್ತುತ್ತಾ ಕೂತರು. ಎರಡು ಗಂಟೆಯವರೆಗೆ ಕೂತರು. ಸೆಕೆಗೆ ಕೈ ಬೆವರಿ ಉಣ್ಣೆ ಕಡ್ಡಿಗೆ ಅಂಟುತ್ತಿತ್ತು, ಪ್ರತಿ ಹತ್ತು ಸಾಲಿಗೆ ಕೈ ತೊಳೆದು ಬಂದೆ.

ಶನಿವಾರ ಸಂಜೆ ಮುಗಿಯಿತು. ಫ್ಯಾನಿನ ಕೆಳಗೆ ನಿಲ್ಲಿಸಿ ಹಾಕಿಸಿದೆ. ಬೆನ್ನು ಸೊಂಟದ ಕೆಳಗಿನವರೆಗೆ ಬಂತು, ಕಾಲರು ಕುತ್ತಿಗೆಯ ನಡುವೆ ಕೂತಿತು. ಆದರೆ ಬಲ ಹೆಗಲಿನ ಮೇಲೆ ಸುಕ್ಕು. ಕಂಕುಳದ ಹತ್ತಿರ ಎಳೆತ. ನಾನು ಸಾಲು ಎಣಿಸಿದೆ, ಸರಿ ಇತ್ತು. ಅಪ್ಪನ ಮುಖ ನೋಡಿದೆ. ಅವರು ಬಲ ಹೆಗಲನ್ನು ಎಡದ ಸಮಕ್ಕೆ ಎತ್ತಿ ಹಿಡಿದು ನಿಂತಿದ್ದರು.

"ಸುಮ್ಮನೆ ನಿಲ್ಲಿ ಅಪ್ಪ."

"ಸುಮ್ಮನೆಯೇ ನಿಂತದ್ದಲ್ವಾ ಮಗಾ."

ಆಗ ನೆನಪಾಯಿತು, ಆ ವಾರವೆಲ್ಲ ಅವರು ಹಾಗೆಯೇ ನಡೆಯುತ್ತಿದ್ದರು. ಅಂಗಳಕ್ಕೆ ಇಳಿಯುವಾಗ, ಊಟಕ್ಕೆ ಕೂತಾಗ. 74 ವರ್ಷದ ಮನುಷ್ಯ, ಮಗಳು ಹೇಳಿದ ಒಂದು ಮಾತಿಗೆ, ಹೆಗಲು ಎತ್ತಿ ನಡೆಯುತ್ತಿದ್ದಾರೆ. ಏನು ಹೇಳಿದರೂ ಇನ್ನೂ ಹೆಚ್ಚು ಎತ್ತುತ್ತಾರೆ ಎಂದು ಹೆದರಿ, "ಚಂದ ಆಯ್ತು" ಎಂದಷ್ಟೇ ಹೇಳಿ ಬಿಚ್ಚಿಸಿ ಮಡಚಿಟ್ಟೆ. ಭಾನುವಾರ ಸ್ಟೇಷನ್ನಿನಲ್ಲಿ ಚೀಲ ಕೊಡುವಾಗಲೂ ಕಣ್ಣು ಅಲ್ಲಿಗೇ ಹೋಯಿತು.

ಇವತ್ತು ಮಧ್ಯಾಹ್ನ ಫೋಟೊ ಬಂತು, ಜೊತೆಗೆ ಹೋದವರೊಬ್ಬರು ಕಳಿಸಿದ್ದು. ಬದರಿಯ ದೇವಸ್ಥಾನದ ಬಣ್ಣದ ಮುಂಬಾಗಿಲು, ಅದರ ಮುಂದೆ ನಮ್ಮ ಊರಿನ ಎಂಟು ಮಂದಿ. ಬೂದು ಸ್ವೆಟರಿನಲ್ಲಿ ಅಪ್ಪ ಬಲಗಡೆಯ ಕೊನೆಗೆ. ಚಳಿಗೆ ಎರಡು ಕೈಯಲ್ಲೂ ಚಹಾದ ಲೋಟ ಹಿಡಿದು, ಯಾರದೋ ಮಾತಿಗೆ ಪಕ್ಕಕ್ಕೆ ತಿರುಗಿ ನಗುತ್ತಿದ್ದಾರೆ. ಫೋಟೊ ದೊಡ್ಡದು ಮಾಡಿ ನೋಡಿದೆ. ಬಲ ಹೆಗಲು ತನ್ನ ಜಾಗಕ್ಕೆ ಇಳಿದಿತ್ತು. ಸ್ವೆಟರಿನಲ್ಲಿ ಒಂದು ಸುಕ್ಕೂ ಇರಲಿಲ್ಲ.